ಸಂತ ಲಾರೆನ್ಸರ ಖಜಾನೆ ಮತ್ತು ನಮ್ಮ ಉಪವಾಸ

ಈ ಸಲ ಕಾರ್ಕಳದ ಅತ್ತೂರಲ್ಲಿರೋ ಸಂತ ಲಾರೆನ್ಸರ ಚರ್ಚಿನ ಹಬ್ಬಕ್ಕೆ ಹೋಗಿ ಮೊಂಬತ್ತಿ ಹಚ್ಚಿ ಹರಕೆ ತೀರಿಸಿ ಬಂದ ಮೇಲೂ ಮನಸ್ಸು ಸಂತ ಲಾರೆನ್ಸರನ್ನ ಬಿಟ್ಟು ಬರ್ತಾ ಇಲ್ಲ. ಕತೆ ನಮಗೆಲ್ಲ ಗೊತ್ತಿರೋದೇ, ಕ್ರಿ.ಶ. 258ರಲ್ಲಿ ರೋಮಿನ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಆಗಸ್ಟ್ 6ಕ್ಕೆ ಪೋಪ್ ಎರಡನೇ ಸಿಕ್ಸ್ತುಸರನ್ನ ಕೊಂದ್ರು, 10ಕ್ಕೆ ಲಾರೆನ್ಸರನ್ನ. ಚರ್ಚಿನ ಖಜಾನೆ ತಂದೊಪ್ಪಿಸು ಅಂತ ಅಧಿಕಾರಿಗಳು ಅಂದಾಗ ಲಾರೆನ್ಸರು ಬಡವರನ್ನ ಸಾಲಾಗಿ ಕರ್ಕೊಂಡು ಬಂದು ಇವರೇ ನಮ್ಮ ಖಜಾನೆ ಅಂದ್ರಂತೆ, ಸಂತ ಅಂಬ್ರೋಸರು ಇದನ್ನ ಬರೆದಿಟ್ಟಿದ್ದಾರೆ.

ಆ ಬಡವರೆಲ್ಲ ಅವರಿಗೆ ಮುಖ ಪರಿಚಯ ಇದ್ದವರೇ ಇರಬೇಕು. 251ರ ಸುಮಾರಿಗೆ ಪೋಪ್ ಕೊರ್ನೇಲಿಯುಸರು ಬರೆದ ಒಂದು ಪತ್ರದಲ್ಲಿ ರೋಮಿನ ಕ್ರೈಸ್ತ ಸಭೆಯ ಲೆಕ್ಕ ಇದೆ, 46 ಗುರುಗಳು, 7 ಡೀಕನರು (ಬಡವರ ಸೇವೆ ನೋಡ್ಕೊಳ್ಳೋ ಸಭೆಯ ಸೇವಕರು), ಮತ್ತೆ 1500ಕ್ಕೂ ಹೆಚ್ಚು ವಿಧವೆಯರು ಮತ್ತು ಕಷ್ಟದಲ್ಲಿದ್ದವರು. ಸರ್ಕಾರವೇ ಹಿಂಸೆ ಕೊಡ್ತಿದ್ದ ಕಾಲದಲ್ಲಿ ಇಷ್ಟು ಜನರನ್ನ ಸಾಕಿದ್ರು! ಲಾರೆನ್ಸರೂ ಅಂಥ ಏಳು ಡೀಕನರಲ್ಲಿ ಒಬ್ಬರು.

ಕೊಡೋರೂ ಶ್ರೀಮಂತರೇನಲ್ಲ, ಎಷ್ಟೋ ಜನ ಗುಲಾಮರು, ಕೂಲಿಯವರು. ಅಥೆನ್ಸಿನ ಕ್ರೈಸ್ತ ಲೇಖಕ ಅರಿಸ್ತಿದೇಸ್ ಎರಡನೇ ಶತಮಾನದಲ್ಲೇ ಹೇಳಿದ್ದಾನೆ, ಕ್ರೈಸ್ತರಲ್ಲಿ ಒಬ್ಬ ಬಡವನಿದ್ದು ಕೊಡೋಕೆ ಏನೂ ಇಲ್ಲದಿದ್ರೆ ಎರಡು ಮೂರು ದಿನ ತಾವೇ ಉಪವಾಸ ಇದ್ದು ಅವನಿಗೆ ಊಟ ಒದಗಿಸ್ತಾರೆ ಅಂತ. ಇದನ್ನ ಓದಿದಾಗ ನಂಗೆ ಕಣ್ಣಲ್ಲಿ ನೀರು ಬಂತು, ಯಾಕಂದ್ರೆ ನಮ್ಮಜ್ಜಿ ಮಾಡ್ತಿದ್ದದ್ದೂ ಅದನ್ನೇ. ತಪಸ್ಸುಕಾಲದ, ಅಂದ್ರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ, ಶುಕ್ರವಾರ ತನ್ನ ಪಾಲಿನ ಅಕ್ಕಿ ಅಳೆದು ಪಾತ್ರೆಗೆ ಹಾಕದೆ ಒಂದು ತಗಡಿನ ಡಬ್ಬಿಗೆ ಸುರೀತಿದ್ರು. ಖಾಲಿ ಡಬ್ಬಿಯ ತಳಕ್ಕೆ ಅಕ್ಕಿ ಬೀಳೋ ಆ ಸದ್ದು, ಮೊದಲ ವಾರ ಜೋರಾಗಿ ಝಲ್ ಅಂತ, ವಾರ ಕಳೆದ ಹಾಗೆ ಮೆತ್ತಗಾಗ್ತಾ ಹೋಗ್ತಿತ್ತು, ಈಗಲೂ ಕಿವೀಲಿದೆ. ಗುಡ್ ಫ್ರೈಡೆ ಹೊತ್ತಿಗೆ ಡಬ್ಬಿ ತುಂಬಿದ್ರೆ ಗದ್ದೆ ಆಚೆಗಿದ್ದ ಒಂಟಿ ಹೆಂಗಸಿನ ಮನೆಗೆ ಸೆರಗಲ್ಲಿ ಮುಚ್ಕೊಂಡು ತಗೊಂಡು ಹೋಗ್ತಿದ್ರು, ಯಾರಿಗೂ ಹೇಳ್ಬೇಡ ಮಗಾ ಅಂತಿದ್ರು. ಅಜ್ಜಿಗೆ ಓದು ಬರಹ ಬರ್ತಿರಲಿಲ್ಲ, ಅರಿಸ್ತಿದೇಸ್ ಹೆಸರು ಎಲ್ಲಿ ಕೇಳಿರ್ತಾರೆ.

ಈಗ ಶುಕ್ರವಾರ ಮಾಂಸ ಬಿಡ್ತೀವಿ, ಅಂಜಲ್ ಮೀನು ಫ್ರೈ ಮಾಡ್ತೀವಿ, ಆಯ್ತು ಉಪವಾಸ. ಬಿಟ್ಟ ಊಟ ಯಾರ ತಟ್ಟೆಗೆ ಹೋಯ್ತು ಅಂತ ಯಾರೂ ಕೇಳಲ್ಲ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ ಕೊಟ್ಟು ಕೊಳೆ ಬಟ್ಟೆಯವನನ್ನ ಕಾಲ ಹತ್ರ ಕೂರಿಸ್ತೀರಲ್ಲ ಅಂತ ಬೈಬಲಿನ ಪತ್ರದಲ್ಲಿ ಯಾಕೋಬರು ಆಗಲೇ ಬೈದಿದ್ದಾರೆ, ನಮ್ಮ ಹಬ್ಬಗಳ ಫ್ರಂಟ್ ಬೆಂಚ್ ನೋಡಿದ್ರೆ ಏನಂತಿದ್ರೋ.

ತಪಸ್ಸುಕಾಲ ಶುರುವಾಗೋ ಮೊದಲು ನಮ್ಮ ಚರ್ಚಿನ ವಾರ್ಡ್ ಮುಖಂಡರಾದ ಗುರಿಕಾರರ ಹತ್ರ ಹೋಗಿ ಕೇಳ್ಬೇಕು ಅಂತಿದ್ದೀನಿ, ನಮ್ಮ ವಾರ್ಡಲ್ಲಿ ಒಬ್ಬರೇ ಇರೋ ವಿಧವೆಯರು ಎಷ್ಟು ಜನ, ಯಾರ ಮನೇಲಿ ಅಕ್ಕಿ ಸಾಲ್ತಿಲ್ಲ ಅಂತ. ನೀವೂ ನಿಮ್ಮಲ್ಲಿ ಕೇಳಿ. ಎಲ್ಲಾನೂ ಬಡವರಿಗೆ ನೆರವಾಗೋ ವಿನ್ಸೆಂಟ್ ದ ಪಾವ್ಲ್ ಸಭೆಯವರು ನೋಡ್ಕೋತಾರೆ ಅಂತ ಬಿಟ್ರೆ ಅವರಾದ್ರೂ ಎಷ್ಟು ಮನೆಗೆ ಹೋಗ್ತಾರೆ.