ಕೆರೆ ಏರಿ ಮೇಲಿನ ಕಲ್ಲು

ಜನವರಿ 18, 2026, ಭಾನುವಾರ
ಮುಳಬಾಗಿಲು ಹತ್ರ, ಅಮ್ಮನ ಊರು

ಹಬ್ಬಕ್ಕೆ ಬಂದವಳು ಇನ್ನೂ ಇಲ್ಲೇ ಇದೀನಿ. ಬೆಳಿಗ್ಗೆ ಅವರೆಕಾಯಿ ಸುಲೀತಾ ಕೂತಿದ್ದಾಗ ಮಾವ ಬಂದು, ಏರಿ ರಸ್ತೆ ಅಗಲ ಮಾಡೋಕೆ ಜೆಸಿಬಿ ತಂದಿದ್ರಲ್ಲ, ನಮ್ಮ ಬಟ್ಟೆ ಒಗೆಯೋ ಕಲ್ಲನ್ನೂ ಎತ್ತಿ ಹಾಕಿದಾರೆ, ಅದರ ಕೆಳಮಗ್ಗುಲಲ್ಲಿ ಗೊಂಬೆ ಕೆತ್ತಿದೆ ಕಣಮ್ಮ ಅಂದ್ರು, ಸುಲಿಯೋದು ಅಲ್ಲಿಗೇ ಬಿಟ್ಟು ಓಡಿದೆ.

ವೀರಗಲ್ಲು! ನೀರು ಹಾಕಿ ತೆಂಗಿನ ನಾರಲ್ಲಿ ಉಜ್ಜಿದ್ವಿ. ಕೆಳಗಿನ ಪಟ್ಟಿಲಿ ಒಬ್ಬ ಬಿಲ್ಲು ಹಿಡಿದು ನಿಂತಿದಾನೆ, ಮೈಗೆ ಬಾಣ ನಾಟಿವೆ, ಹಿಂದೆ ಅಂಗೈಯಷ್ಟು ಜಾಗದಲ್ಲಿ ಮೂರು ಹಸು, ಒಂದು ಮಾತ್ರ ಕತ್ತು ತಿರುಗಿಸಿ ಅವನನ್ನೇ ನೋಡ್ತಿದೆ. ಊರಿನ ದನ ಹೊಡ್ಕೊಂಡು ಹೋಗೋದನ್ನ ತುರುಗೋಳು ಅಂತಾರಲ್ಲ, ಹಾಗೆ ಬಂದವರನ್ನ ತಡೆದು ಸತ್ತವನು. ಮಧ್ಯದ ಪಟ್ಟಿಲಿ ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಿದಾರೆ, ತುದೀಲಿ ಲಿಂಗದ ಮುಂದೆ ಕೈ ಮುಗಿದು ಕೂತಿದಾನೆ. ಎಡಗಾಲ ಮೇಲೆ ಜೆಸಿಬಿ ಹಲ್ಲಿನ ಗೀರು, ಬೆಳ್ಳಗೆ ಹಸಿ ಗಾಯದ ಥರ.

ಅಜ್ಜಿ ಕೋಲೂರಿಕೊಂಡು ಬಂದ್ರು. "ಅಯ್ಯೋ ನಮ್ಮಪ್ಪಾ, ನಿನ್ನ ಬೆನ್ನ ಮೇಲೇ ಬಟ್ಟೆ ಕುಕ್ಕಿದ್ನಲ್ಲೋ" ಅಂತ ಅತ್ತೇಬಿಟ್ರು. ಆಮೇಲೆ ಹೆಸರೇನಂತೆ ಅಂದ್ರು.

ಪಟ್ಟಿಗಳ ನಡುವೆಲ್ಲ ಬೆರಳಾಡಿಸಿ ನೋಡಿದೆ, ಒಂದಕ್ಷರ ಇಲ್ಲ. ಅದೇ ಸಂಕಟ ನನಗೆ. ಮೈಸೂರು ಸಂಸ್ಥಾನದ ಶಾಸನಗಳನ್ನ ಸಂಗ್ರಹಿಸಿದ ಬಿ.ಎಲ್. ರೈಸ್ ಅವರು ಈ ಕಡೆಯವನ್ನ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನಗಳ ಪುಸ್ತಕಮಾಲೆಯ 10ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದು 1905ರಲ್ಲಿ, ಹಿಂದೆ ಈ ಕಡೆ ಆಳಿದ ಗಂಗರು ಬಾಣರು ನೊಳಂಬರ ಕಾಲದಲ್ಲಿ ಹಿಂಗೇ ದನಕ್ಕೆ ಊರಿಗೆ ಅಂತ ಕಾದಾಡಿ ಸತ್ತವರ ಹೆಸರು ಅದರಲ್ಲಿವೆ, ನಾಳೆ ಆ ಕಲ್ಲು ಒಡೆದುಹೋದ್ರೂ ಓದೋಕೆ ಸಿಗ್ತವೆ. ಬರೀ ಗೊಂಬೆ ಇರೋ ಕಲ್ಲನ್ನ ಶಾಸನದ ಪುಸ್ತಕಕ್ಕೆ ಯಾರು ಸೇರಿಸ್ತಾರೆ? ಇವನಿಗೆ ಇರೋದು ಇದೊಂದೇ ಕಲ್ಲು. ಇನ್ನೊಂದು ದಿನ ತಡ ಆಗಿದ್ರೆ ಜಲ್ಲಿ ಜೊತೆ ರಸ್ತೆ ಕೆಳಗೆ ಹೋಗ್ತಿತ್ತು.

ಸಾಯಂಕಾಲ ಎಂಟು ಜನ ಹಗ್ಗ ಹಾಕಿ ಅರಳಿಕಟ್ಟೆ ತನಕ ಎಳ್ಕೊಂಡು ಬಂದ್ರು. ನಾಗರಕಲ್ಲಿನ ಪಕ್ಕ ನಿಲ್ಲಿಸೋದು ಅಂತ ಆಗಿದೆ. ಮಾವ ಎನಾಮಲ್ ಪೇಂಟ್ ಹೊಡೆಸ್ತೀನಿ ಅಂತಿದ್ರು, ದಯವಿಟ್ಟು ಬೇಡ ಮಾವ, ಕೆತ್ತನೆ ಮುಚ್ಚಿಹೋಗುತ್ತೆ ಅಂತ ಕೈ ಹಿಡ್ಕೊಂಡೆ, ಒಪ್ಪಿದ್ರು. ಅಜ್ಜಿ ಕುಂಕುಮ ಇಟ್ಟಿದಾರೆ, ಅದಕ್ಕೆ ನಾನು ಏನೂ ಅನ್ನಲಿಲ್ಲ. ನಾಳೆ ಬೆಳಿಗ್ಗೆ ಓರೆ ಬಿಸಿಲಲ್ಲಿ ಕೆತ್ತನೆ ಚೆನ್ನಾಗಿ ಕಾಣುತ್ತೆ, ಗುಂಡಿ ತೋಡೋಕೆ ಮುಂಚೆ ಫೋಟೋ ತೆಗೀಬೇಕು, ಆ ಹಸುದು ಹತ್ರದಿಂದ.