ಕ್ಯಾಲೆಂಡರಿನಲ್ಲಿ ಬರೆದಿಟ್ಟ ಚಪ್ಪಲಿ

2024ರ ಆಗಸ್ಟ್ 6, ಮಂಗಳವಾರ. ವರಮಹಾಲಕ್ಷ್ಮಿ ಹಬ್ಬಕ್ಕೆ ಸರಿಯಾಗಿ ಹತ್ತು ದಿನ ಉಳಿದಿತ್ತು. ಬೆಂಗಳೂರಿನ ಶ್ರೀನಗರದ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಇಪ್ಪತ್ತಮೂರು ಬ್ಲೌಸು ಹೊಲಿಯುವುದು ಬಾಕಿ ಇತ್ತು. ಅವನ್ನೆಲ್ಲ ಹಾಗೇ ಬಿಟ್ಟು, ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ತುಂಬಿಕೊಂಡೆ. ಗೋಡೆ ಮೇಲಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನೂ ಮೊಳೆಯಿಂದ ಬಿಡಿಸಿ ಸುರುಳಿ ಸುತ್ತಿಕೊಂಡೆ. ಜಯನಗರದ ನರದ ಡಾಕ್ಟರ ಹತ್ತಿರ ಹೊರಟಿದ್ದೆ.

ಕ್ಯಾಲೆಂಡರ್ ತಗೊಂಡು ಹೋಗು ಅಂದವಳು ಮಗಳು. "ಯಾವತ್ತಿಂದ ಹೀಗಾಗ್ತಿದೆ ಅಂತ ಅವರು ಕೇಳ್ತಾರಮ್ಮ. ನೀನು 'ಸ್ವಲ್ಪ ದಿನದಿಂದ' ಅಂತೀಯ. ಎಲ್ಲಾ ಅದರಲ್ಲೇ ಇದೆಯಲ್ಲ." ನಿಜ, ನನ್ನ ಲೆಕ್ಕವೆಲ್ಲ ಅದರಲ್ಲೇ. ಯಾರದ್ದು ಎಷ್ಟು ಬ್ಲೌಸು, ಲೈನಿಂಗ್ ಇದೆಯೋ ಇಲ್ಲವೋ, ಯಾವತ್ತು ಕೊಡಬೇಕು, ಅಡ್ವಾನ್ಸ್ ಎಷ್ಟು. ತಿಂಗಳು ಮುಗಿದರೂ ಹಾಳೆ ಹರಿಯುವುದಿಲ್ಲ, ಹಿಂದಕ್ಕೆ ಮಡಚುತ್ತೇನೆ.

ಕಾಲಿನ ಕಥೆ ಅದಕ್ಕೂ ಹಿಂದಿನದು. ಸಕ್ಕರೆ ಕಾಯಿಲೆ ನನಗೆ ಹನ್ನೊಂದು ವರ್ಷದ್ದು. ಒಂದು ಸಂಜೆ ಕಾಲು ಚಾಚಿ ಕೂತಿದ್ದಾಗ ಮಗಳು ಚೀರಿದಳು. ನನ್ನ ಬಲಗಾಲಿನ ಅಂಗಾಲಿಗೆ ಒಂದು ಗುಂಡುಸೂಜಿ ತಲೆಯವರೆಗೂ ಹೊಕ್ಕಿತ್ತು. ಯಾವಾಗ ಚುಚ್ಚಿತೋ ನನಗೆ ಗೊತ್ತೇ ಇಲ್ಲ. ಅದನ್ನು ತುಳಿದುಕೊಂಡೇ ಅಡುಗೆ ಮಾಡಿದ್ದೆ, ಬಟ್ಟೆ ಒಣಹಾಕಿದ್ದೆ. ಮಷಿನ್ ಪೆಡಲ್ ಎಷ್ಟು ಒತ್ತಿದ್ದೇನೆ ಅನ್ನುವುದೂ ಕಾಲಿಗೆ ತಿಳಿಯುತ್ತಿಲ್ಲ, ಮೋಟರಿನ ಸದ್ದು ಕೇಳಿ ಅಂದಾಜು ಮಾಡುತ್ತಿದ್ದೇನೆ ಅಂತ ಆಗ ಹೊಳೆಯಿತು.

ಹಗಲು ಜೋಮು, ರಾತ್ರಿಯಾದರೆ ಉರಿ. ಅಂಗಾಲಿಗೆ ಮೆಣಸಿನಕಾಯಿ ಅರೆದು ಮೆತ್ತಿದ ಹಾಗೆ. ಹೊದಿಕೆ ತಾಗಿದರೂ ತಡೆಯಲಾಗುತ್ತಿರಲಿಲ್ಲ. ಸೂಜಿ ಹೊಕ್ಕರೆ ಗೊತ್ತಾಗದ ಕಾಲಿಗೆ ಹೊದಿಕೆ ತಾಗಿದರೆ ಹೇಗೆ ಉರಿಯುತ್ತೆ ಅಂತ ಮನೆಯವರು ಕೇಳುತ್ತಿದ್ದರು. ನನಗೂ ಅರ್ಥವಾಗುತ್ತಿರಲಿಲ್ಲ. ಮೊದಲ ಸಲ ತೋರಿಸಲು ಹೋದಾಗ ಇದೇ ನರದ ಡಾಕ್ಟರೇ ಬಿಡಿಸಿ ಹೇಳಿದರು. ಕೆಟ್ಟ ನರ ಬರಬೇಕಾದ ಸುದ್ದಿ ತರುವುದಿಲ್ಲ, ಇಲ್ಲದ ಸುದ್ದಿ ಕಳಿಸುತ್ತೆ. ಕಾಲಿಗೆ ಇಳಿಯುವ ನರ ಎಲ್ಲಕ್ಕಿಂತ ಉದ್ದ, ಅದಕ್ಕೇ ತೊಂದರೆ ಬೆರಳ ತುದಿಯಿಂದ ಶುರುವಾಗಿ ಮೇಲಕ್ಕೆ ಹತ್ತುತ್ತೆ.

ಆ ಮೊದಲ ಪರೀಕ್ಷೆ ನಾನು ಮರೆಯುವುದಿಲ್ಲ. ಗಾಳದ ದಾರದಂಥ ಒಂದು ನೈಲಾನ್ ಎಳೆ. ಅದು ಬಾಗುವಷ್ಟು ಒತ್ತಿದರೆ 10 ಗ್ರಾಂ ಭಾರ ಬೀಳುತ್ತೆ. "ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದಾಗ ಹೇಳಿ" ಅಂದರು. ನಾನು ಕಾಯುತ್ತಲೇ ಇದ್ದೆ. ಶುರು ಮಾಡಿ ಅಂತ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಅವರು, "ಬಲಗಾಲು ಮುಗೀತು" ಅಂದರು. ಮೂವತ್ತು ವರ್ಷ ದಾರ ಹಿಡಿದ ಕೈ ನನ್ನದು. ಒಂದೆಳೆಯೋ ಎರಡೆಳೆಯೋ ಅಂತ ಬೆರಳಲ್ಲೇ ಹೇಳುತ್ತೇನೆ. ಅಂಥವಳ ಕಾಲಿಗೆ ಒಂದು ಎಳೆ ತಾಗಿದ್ದು ಗೊತ್ತಾಗಲಿಲ್ಲ. ಅಲ್ಲೇ ಅತ್ತೆ.

ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ ಕೂಡ ತುಂಬ ಕಮ್ಮಿ ಬಂತು. ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಔಷಧಿ ವರ್ಷಗಟ್ಟಲೆ ತಗೊಂಡರೆ ಕೆಲವರಿಗೆ ಬಿ12 ಸರಿಯಾಗಿ ಹತ್ತುವುದಿಲ್ಲವಂತೆ. ನಾವು ಮಾಂಸ, ಮೊಟ್ಟೆ ತಿನ್ನದವರು, ಇನ್ನೂ ಕಷ್ಟ. ಅದಕ್ಕೆ ಇಂಜೆಕ್ಷನ್ ಶುರುವಾಯಿತು. ಉರಿಗೆ ಮೊದಲು ಅಮಿಟ್ರಿಪ್ಟಿಲಿನ್ ಅನ್ನುವ 10 ಮಿ.ಗ್ರಾಂ ಮಾತ್ರೆ ಕೊಟ್ಟರು. ನಿದ್ದೆ ಬಂತು, ಆದರೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು, ಮಲಬದ್ಧತೆ ಬೇರೆ. ಅದನ್ನು ಬಿಡಿಸಿ ಪ್ರೆಗಾಬಲಿನ್ 75ಕ್ಕೆ ಬದಲಾಯಿಸಿದರು. ಮೊದಲು ರಾತ್ರಿ ಒಂದು, ಆಮೇಲೆ ಬೆಳಗ್ಗೆಯೂ ಒಂದು. ಎಷ್ಟೋ ತಿಂಗಳ ಮೇಲೆ ಕಾಲಿನ ಮೇಲೆ ಹೊದಿಕೆ ಹೊದ್ದು ಮಲಗಿದೆ. ಆ ಮಾತ್ರೆಯ ಉಪಕಾರವನ್ನು ನಾನು ಯಾವತ್ತೂ ಇಲ್ಲ ಅನ್ನುವುದಿಲ್ಲ. ಆದರೆ ಬೆಳಗ್ಗೆ ಹನ್ನೊಂದರವರೆಗೆ ಮಂಪರು ಇಳಿಯುತ್ತಿರಲಿಲ್ಲ. ಒಂದು ದಿನ ಬಲಗೈ ತೋಳನ್ನು ಎಡಗೈಗೆ ಕೂರಿಸಿಬಿಟ್ಟಿದ್ದೆ. ರೇಷ್ಮೆ ಬಟ್ಟೆ, ಬಿಚ್ಚಿದರೆ ಸೂಜಿ ತೂತು ಉಳಿಯುತ್ತೆ. ತೂಕವೂ ನಾಲ್ಕು ಕೆ.ಜಿ. ಏರಿತು. ನನ್ನ ಬ್ಲೌಸುಗಳ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ತಂದೆ.

ಉರಿ ಮತ್ತೆ ಜಾಸ್ತಿಯಾಯಿತು ಅಂತ ಜುಲೈ 8ಕ್ಕೆ ಡೋಸ್ ಏರಿಸಿದರು. ಬೆಳಗ್ಗೆ 150, ರಾತ್ರಿ 150.

ಆ ತಿಂಗಳ ಕೊನೆಗೆ ಎರಡೂ ಕಾಲು ಬಾತುಕೊಂಡವು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ, ಚಪಾತಿ ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಳಿ ಬೀಳುತ್ತಿತ್ತು. ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ನಮ್ಮಮ್ಮ ಹೋಗಿದ್ದು ಕಿಡ್ನಿ ಕೆಟ್ಟು. ಕೊನೆಯ ವರ್ಷ ಅವಳ ಕಾಲಿನಲ್ಲಿ ಇದೇ ಗುಳಿ ನೋಡಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಲೈಟ್ ಹಾಕಿಕೊಂಡು ಒತ್ತಿ ನೋಡುತ್ತಿದ್ದೆ. ಯಾರಿಗೂ ಹೇಳಲಿಲ್ಲ.

ಕೊನೆಗೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರ್ ಕಾಲು ನೋಡಿ ನೀರಿನ ಮಾತ್ರೆ ಬರೆದರು, ಮೂತ್ರ ಜಾಸ್ತಿ ಮಾಡುವಂಥದ್ದು. ಬೇರೆ ಏನು ತಗೋತಿದ್ದೀರಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡೂ ತಪ್ಪೇ. ಊತ ಅಷ್ಟಿಷ್ಟು ಇಳಿಯಿತು, ಆದರೆ ಎದ್ದು ನಿಂತರೆ ಕಣ್ಣು ಕತ್ತಲೆ. ಮೊದಲೇ ನೆಲ ತಿಳಿಯದ ಕಾಲು, ಮೇಲೆ ಮಂಪರು, ಅದರ ಮೇಲೆ ತಲೆ ಸುತ್ತು. ಭಾನುವಾರ ರಾತ್ರಿ ಬಾತ್‌ರೂಮಿಗೆ ಅಂತ ಎದ್ದವಳು ಮಷಿನ್ ಟೇಬಲ್ಲಿನ ಮೇಲೆ ಬಿದ್ದೆ. ಹುಬ್ಬಿನ ಮೇಲೆ ಏಟು. ಮಗಳು ಓಡಿ ಬಂದಳು. ಕಾಲು ತೋರಿಸಿದೆ. ಅವಳು ಸಿಟ್ಟಿನಿಂದ ಅತ್ತಳು, "ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

ಆ ಮಂಗಳವಾರ ಬಸ್ಸಿನಲ್ಲಿ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟು, ನನ್ನ ಹುಬ್ಬು ನೋಡಿ, ಒಬ್ಬ ಹುಡುಗನನ್ನು ಎಬ್ಬಿಸಿ ಸೀಟು ಕೊಡಿಸಿದರು. ಇಳಿಯುವಾಗ ಮೆಟ್ಟಿಲನ್ನು ಕಣ್ಣಿಂದ ನೋಡಿ ನೋಡಿ ಕಾಲಿಟ್ಟೆ. ಈಗಲೂ ಹಾಗೇ, ನನಗೆ ಕಣ್ಣೇ ಕಾಲು.

ಡಾಕ್ಟರಮ್ಮ ಚೀಲವನ್ನು ಮೇಜಿನ ಮೇಲೆ ಸುರಿಯಲು ಹೇಳಿದರು. ಒಂದೊಂದೇ ಶೀಟ್ ತಿರುಗಿಸಿ ಓದಿದರು. ನೀರಿನ ಮಾತ್ರೆ ನೋಡಿ, "ಇದು ಯಾರು ಕೊಟ್ಟಿದ್ದು? ಯಾವಾಗಿಂದ?" ಅಂದರು. ನಾನು ಕ್ಯಾಲೆಂಡರ್ ಬಿಡಿಸಿದೆ. ಅವರು ನಗಲಿಲ್ಲ. ಕುರ್ಚಿ ಮುಂದೆ ಎಳೆದುಕೊಂಡು, ಜುಲೈ ಹಾಳೆಯ ಮೇಲೆ ಪೆನ್ನು ಇಟ್ಟು ಚೌಕ ಚೌಕವಾಗಿ ಬಂದರು. 8ನೇ ತಾರೀಖು: "ಎರಡನೇ ಕ್ರಾಸ್ ಆಂಟಿ 3 ಲೈನಿಂಗ್. ಮಾತ್ರೆ 150." ಪೆನ್ನು ಮುಂದೆ ಹೋಗಿ 27ರಲ್ಲಿ ನಿಂತಿತು. ಅಲ್ಲಿ "ಚಪ್ಪಲಿ 350" ಅಂತ ಇತ್ತು.

"ಇದೇನಿದು ಚಪ್ಪಲಿ?"

"ಹಳೇದು ಬಿಗಿಯಾಯ್ತು ಡಾಕ್ಟ್ರೇ. ಗಾಂಧಿ ಬಜಾರಿನಲ್ಲಿ ದೊಡ್ಡ ಸೈಜಿನದು ತಗೊಂಡೆ."

ಅವರು ಎರಡು ಚೌಕಕ್ಕೂ ಸುತ್ತು ಹಾಕಿದರು. "ನೋಡಿಮ್ಮ, ಇಲ್ಲಿ ಡೋಸ್ ಏರಿದೆ. ಇಲ್ಲಿ ಕಾಲು ಊದಿದೆ. ಮಧ್ಯೆ ಹತ್ತೊಂಬತ್ತು ದಿನ. ಪ್ರೆಗಾಬಲಿನ್ ಕೆಲವರಿಗೆ ಕಾಲು ಊದಿಸುತ್ತೆ." ಆಮೇಲೆ ಸಕ್ಕರೆ ಮಾತ್ರೆಯ ಶೀಟ್ ಎತ್ತಿ ತೋರಿಸಿದರು. ನಾನು ಒಂದು ಮಾತ್ರೆ ಅಂದುಕೊಂಡಿದ್ದರಲ್ಲಿ ಮೂರು ಔಷಧಿ ಸೇರಿತ್ತು. ಅದರಲ್ಲಿ ಒಂದು ಪಯೋಗ್ಲಿಟಜೋನ್. ಅದೂ ಮೈಯಲ್ಲಿ ನೀರು ನಿಲ್ಲಿಸುವಂಥದ್ದೇ. ಎರಡೂ ಸೇರಿದರೆ ಊತ ಇನ್ನೂ ಜಾಸ್ತಿ. ಅಂದರೆ ಒಂದು ಮಾತ್ರೆಯಿಂದ ಬಂದ ಊತಕ್ಕೆ ನಾನು ಇನ್ನೊಂದು ಮಾತ್ರೆ ನುಂಗುತ್ತಿದ್ದೆ, ಆ ಇನ್ನೊಂದು ನನ್ನನ್ನು ಬೀಳಿಸಿತ್ತು.

ಆದರೂ ಅವರು ಕ್ಯಾಲೆಂಡರನ್ನಷ್ಟೇ ನಂಬಲಿಲ್ಲ. ಕಿಡ್ನಿಗೆ ರಕ್ತ, ಮೂತ್ರ ಪರೀಕ್ಷೆ, ಹೃದಯಕ್ಕೆ ಎಕೋ, ಎಲ್ಲಾ ಅವತ್ತೇ ಮಾಡಿಸಿದರು. ರಿಪೋರ್ಟಿಗೆ ಸಂಜೆ ಐದರವರೆಗೆ ಬೆಂಚಿನ ಮೇಲೆ ಕೂತಿದ್ದೆ. ಅಮ್ಮನ ಕಾಲೇ ಕಣ್ಣ ಮುಂದೆ. ಕ್ರಿಯಾಟಿನಿನ್ 0.8, ಅಂದರೆ ಕಿಡ್ನಿ ಸರಿಯಾಗಿದೆ. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಹೃದಯ ಚೆನ್ನಾಗಿದೆ. ಮಗಳಿಗೆ ಫೋನ್ ಮಾಡಿದೆ, ಗಂಟಲಿನಿಂದ ಮಾತೇ ಹೊರಡಲಿಲ್ಲ. ಅವಳೇ "ಗೊತ್ತಾಯ್ತು ಬಿಡಮ್ಮ, ಆಟೋದಲ್ಲಿ ಬಾ" ಅಂದಳು.

ಪ್ರೆಗಾಬಲಿನ್ ಇವತ್ತೇ ಬಿಟ್ಟುಬಿಡಲಾ ಅಂತ ಕೇಳಿದ್ದೆ. "ಒಂದೇ ಸಲ ಬಿಡಬಾರದು. ನಿದ್ದೆ ಹೋಗುತ್ತೆ, ಬೆವರು, ವಾಕರಿಕೆ, ತಳಮಳ ಶುರುವಾಗುತ್ತೆ" ಅಂದರು. ವಾರಕ್ಕಿಷ್ಟು ಅಂತ ಇಳಿಸುವ ಲೆಕ್ಕ ಹಾಕಿ, ಆಗಸ್ಟ್ ಹಾಳೆಯ ಮೇಲೆ ತಾವೇ ಬರೆದುಕೊಟ್ಟರು. ನೀರಿನ ಮಾತ್ರೆ ನಿಲ್ಲಿಸಿದರು. ಶುಗರ್ ಡಾಕ್ಟರಿಗೆ ಚೀಟಿ ಕೊಟ್ಟು ಆ ಮಾತ್ರೆ ಬದಲಾಯಿಸಲು ಹೇಳಿದರು. ಉರಿಗೆ ಡ್ಯುಲಾಕ್ಸೆಟಿನ್ 20 ಸೇರಿಸಿದರು. ಅದು ಮೊದಲೆರಡು ವಾರ ಹೊಟ್ಟೆ ತೊಳಸಿಸಿತು. ಊಟವಾದ ಮೇಲೆ ತಗೊಳ್ಳಲು ಶುರು ಮಾಡಿದಾಗ ಕಮ್ಮಿಯಾಯಿತು.

ಇಪ್ಪತ್ತಮೂರರಲ್ಲಿ ಐದು ಬ್ಲೌಸು ಹಬ್ಬಕ್ಕೆ ಕೊಡಲಾಗಲಿಲ್ಲ. ಮನೆಮನೆಗೆ ಹೋಗಿ ಬಟ್ಟೆ ವಾಪಸ್ ಕೊಟ್ಟು ಕ್ಷಮೆ ಕೇಳಿದೆ. ಇಬ್ಬರು ಬಟ್ಟೆ ತಗೊಳ್ಳಲೇ ಇಲ್ಲ, ನಿಧಾನಕ್ಕೆ ಕೊಡಿ ಅಂದರು. ಹುಕ್ಕು, ಕಾಜಾ ಎಲ್ಲಾ ಅಕ್ಕ ಬಂದು ಮಾಡಿಕೊಟ್ಟಳು.

ಉರಿ ಪೂರ್ತಿ ಹೋಗಿಲ್ಲ. ಕೆಲವು ರಾತ್ರಿ ಇನ್ನೂ ಎದ್ದು ಕೂರುತ್ತೇನೆ. ಪೆಡಲ್ ಪೂರ್ತಿ ಇಳಿಯದ ಹಾಗೆ ಅಡಿಗೆ ಒಂದು ರಬ್ಬರ್ ತುಂಡು ಇಟ್ಟಿದ್ದೇನೆ, ಮಷಿನ್ ಇದ್ದಕ್ಕಿದ್ದಂತೆ ಓಡುವುದಿಲ್ಲ. ಮನೆಯೊಳಗೂ ಚಪ್ಪಲಿ ಹಾಕುತ್ತೇನೆ. ಸಂಜೆ ಕೆಲಸ ಮುಗಿದ ಮೇಲೆ ಮಗಳು ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ನೆಲದ ಮೇಲೆಲ್ಲ ಎಳೆಯುತ್ತಾಳೆ. ಟಕ್ ಟಕ್ ಅಂತ ಗುಂಡುಸೂಜಿ ಅಂಟುತ್ತವೆ. ಆಮೇಲೆ ನನ್ನ ಅಂಗಾಲು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ.

ಆ ಕ್ಯಾಲೆಂಡರ್ ಎತ್ತಿಟ್ಟಿದ್ದೇನೆ. ಆಗಸ್ಟ್ 29ರ ಚೌಕದಲ್ಲಿ ಹೀಗಿದೆ: "ಹಳೇ ಚಪ್ಪಲಿ ಕಾಲಿಗೆ ಆಯ್ತು. ಮೂಲೆ ಮನೆ, 2 ಬ್ಲೌಸು, 1 ಫಾಲ್."