ಸ್ಟುಡಿಯೋದ ಹಿತ್ತಲಲ್ಲಿ ಎದ್ದ ಸೆಂಚುರಿ ಸಿಟಿ

ಲಾಸ್ ಏಂಜಲೀಸ್‌ನ ಪಶ್ಚಿಮ ಭಾಗದಲ್ಲಿ, ಬೆವರ್ಲಿ ಹಿಲ್ಸ್‌ಗೆ ಅಂಟಿಕೊಂಡಂತಿರುವ ಸೆಂಚುರಿ ಸಿಟಿ ಎಂಬ ಬಡಾವಣೆಯನ್ನು ನಡೆದೇ ನೋಡಬೇಕೆಂದು ಸಾಂಟಾ ಮೋನಿಕಾ ಬುಲೆವಾರ್ಡ್‌ನಲ್ಲಿ ಬಸ್ಸಿಳಿದು, ದಕ್ಷಿಣಕ್ಕೆ ಸಾಗುವ ಅವೆನ್ಯೂ ಆಫ್ ದಿ ಸ್ಟಾರ್ಸ್ ರಸ್ತೆಯನ್ನು ಹಿಡಿದೆ. ಹೆದ್ದಾರಿಯಷ್ಟು ಅಗಲವಾದ ಈ ರಸ್ತೆಯ ಎರಡೂ ಬದಿಗೆ ಗಾಜು ಮತ್ತು ಅಲ್ಯೂಮಿನಿಯಂ ಹೊದ್ದ ಗೋಪುರಗಳಿವೆ, ದಾಟುವುದಕ್ಕೆ ಮೇಲ್ಸೇತುವೆಗಳಿವೆ, ಕಾರುಗಳಿಗೆ ನೆಲದಡಿಯಲ್ಲಿ ನಿಲ್ದಾಣಗಳಿವೆ. ನಡೆದು ಹೋಗುವವರು ಮಾತ್ರ ವಿರಳ.

1960ರ ದಶಕದ ಆರಂಭದವರೆಗೆ ಈ ನೆಲವೆಲ್ಲ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದ ಹಿತ್ತಲಾಗಿತ್ತು. ಮಾತಿನ ಚಿತ್ರಗಳ ಯುಗ ಆರಂಭವಾದಾಗ, 1928ರಲ್ಲಿ, ವಿಲಿಯಂ ಫಾಕ್ಸ್ ಅವರ ಕಂಪನಿ ಇಲ್ಲಿ ಮೂವಿಟೋನ್ ಸಿಟಿ ಎಂಬ ಸ್ಟುಡಿಯೋವನ್ನು ತೆರೆಯಿತು. 1935ರಲ್ಲಿ ಆ ಕಂಪನಿ ಟ್ವೆಂಟಿಯತ್ ಸೆಂಚುರಿ ಪಿಕ್ಚರ್ಸ್ ಜೊತೆ ಒಂದಾಯಿತು. ಒಳಾಂಗಣ ಚಿತ್ರೀಕರಣದ ಸ್ಟೇಜ್‌ಗಳ ಆಚೆಗೆ ಹರಡಿದ್ದ ಬಯಲಿನಲ್ಲಿ ಕೌಬಾಯ್ ಚಿತ್ರಗಳ ಊರು, ಯುರೋಪಿನ ಬೀದಿಗಳು, ಹಡಗುಗಳ ದೃಶ್ಯಕ್ಕೆಂದು ಕಟ್ಟಿದ ನೀರಿನ ತೊಟ್ಟಿ ಎಲ್ಲವೂ ಇದ್ದವು. ಮುಂಭಾಗವನ್ನಷ್ಟೇ ನಿಲ್ಲಿಸಿ, ಹಿಂದಿನಿಂದ ಮರದ ಆಸರೆ ಕೊಟ್ಟ ಮನೆಗಳವು.

ಎಲಿಜಬೆತ್ ಟೇಲರ್ ನಟಿಸಿದ ‘ಕ್ಲಿಯೋಪಾತ್ರ’ದ ಖರ್ಚು ತಾಳಲಾರದೆ ಫಾಕ್ಸ್ ತನ್ನ ಹಿತ್ತಲನ್ನು ಮಾರಿಕೊಂಡಿತು ಎಂಬ ಕಥೆಯೇ ಹೆಚ್ಚು ಪ್ರಚಾರದಲ್ಲಿದೆ. ಅದು ಅರ್ಧ ನಿಜ. ಸುಮಾರು 4.4 ಕೋಟಿ ಡಾಲರ್ ನುಂಗಿದ ಆ ಚಿತ್ರದ ಚಿತ್ರೀಕರಣ ಇಂಗ್ಲೆಂಡಿನಲ್ಲಿ ಆರಂಭವಾದದ್ದು 1960ರಲ್ಲಿ. ಅದಕ್ಕೂ ಮೊದಲೇ, 1950ರ ದಶಕದ ನಡುವಿನಲ್ಲೇ, ಕಂಪನಿಯ ಅಧ್ಯಕ್ಷ ಸ್ಪೈರೋಸ್ ಸ್ಕೂರಸ್ ಇಲ್ಲಿ ಹೊಸ ಬಡಾವಣೆ ಕಟ್ಟುವ ಆಲೋಚನೆಗೆ ತೊಡಗಿದ್ದರು, ವಾಸ್ತುಶಿಲ್ಪಿ ವೆಲ್ಟನ್ ಬೆಕೆಟ್ ಅವರ ಸಂಸ್ಥೆ ನಕ್ಷೆಯನ್ನೂ ತಯಾರಿಸಿತ್ತು. ಟೆಲಿವಿಷನ್ ಪ್ರೇಕ್ಷಕರನ್ನು ಮನೆಯಲ್ಲೇ ಕೂರಿಸಿತ್ತು. 1948ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ಪರಿಣಾಮವಾಗಿ ದೊಡ್ಡ ಸ್ಟುಡಿಯೋಗಳು ತಮ್ಮ ಚಿತ್ರಮಂದಿರಗಳನ್ನು ಕೈಬಿಡಬೇಕಾಯಿತು. ಸುತ್ತಲ ನಗರ ಬೆಳೆದು ನೆಲದ ಬೆಲೆ ಏರಿತ್ತು. ಹೀಗಿರುವಾಗ ವರ್ಷದಲ್ಲಿ ಕೆಲವೇ ದಿನ ಬಳಕೆಯಾಗುವ ಸೆಟ್ ಬೀದಿಗಳಿಗಾಗಿ ಅಷ್ಟು ಜಾಗವನ್ನು ಇಟ್ಟುಕೊಳ್ಳುವುದು ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ‘ಕ್ಲಿಯೋಪಾತ್ರ’ ಮಾರಾಟವನ್ನು ಅನಿವಾರ್ಯಗೊಳಿಸಿರಬಹುದು, ಆದರೆ ನಿರ್ಧಾರದ ಬೇರು ಅದಕ್ಕಿಂತ ಹಳೆಯದು. ಕೊನೆಗೆ ಸುಮಾರು 180 ಎಕರೆ ನೆಲ ಉದ್ಯಮಿ ವಿಲಿಯಂ ಜೆಕೆಂಡಾರ್ಫ್ ಮತ್ತು ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಪಾಲಾಯಿತು. ಮೊದಲ ಕಟ್ಟಡ 1963ರಲ್ಲಿ ಸಿದ್ಧವಾಯಿತು.

ನಾನು ಬಹಳ ಹೊತ್ತು ನಿಂತು ನೋಡಿದ್ದು ಬಿಲ್ಲಿನಂತೆ ಬಾಗಿದ ಸೆಂಚುರಿ ಪ್ಲಾಜಾ ಹೋಟೆಲನ್ನು. ಮಿನೋರು ಯಮಸಾಕಿ ವಿನ್ಯಾಸಗೊಳಿಸಿದ ಇದು 1966ರಲ್ಲಿ ತೆರೆಯಿತು. ಮರುವರ್ಷದ ಜೂನ್ 23ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಇಲ್ಲಿ ಭೋಜನಕೂಟಕ್ಕೆ ಬಂದಾಗ, ವಿಯೆಟ್ನಾಂ ಯುದ್ಧವನ್ನು ವಿರೋಧಿಸುವ ಸುಮಾರು 10,000 ಜನ ಇದೇ ರಸ್ತೆಯಲ್ಲಿ ಮೆರವಣಿಗೆ ಬಂದರು. ಪೊಲೀಸರು ಲಾಠಿ ಬೀಸಿ ಅವರನ್ನು ಚದುರಿಸಿದರು. 1969ರ ಆಗಸ್ಟ್‌ನಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಯಾನಿಗಳಿಗೆ ಅಂದಿನ ಅಧ್ಯಕ್ಷ ರಿಚರ್ಡ್ ನಿಕ್ಸನ್ ಔತಣ ಕೊಟ್ಟದ್ದೂ ಇಲ್ಲಿಯೇ. ಕಾರುಗಳಿಗೆಂದು ರೂಪಿಸಿದ ಈ ಬೀದಿಗೆ ನಿಜವಾದ ಚರಿತ್ರೆಯನ್ನು ತಂದುಕೊಟ್ಟವರು ಅಂದು ಕಾಲ್ನಡಿಗೆಯಲ್ಲಿ ಬಂದವರೇ ಎಂದು ನನಗನ್ನಿಸುತ್ತದೆ. ಗೋಪುರಗಳ ಎತ್ತರಕ್ಕಿಂತ ಆ ಒಂದು ಸಂಜೆಯೇ ನನಗೆ ಮುಖ್ಯ. ಈ ಹೋಟೆಲನ್ನೇ ಕೆಡವುವ ಪ್ರಸ್ತಾಪ ಬಂದಾಗ ಸಂರಕ್ಷಣಾವಾದಿಗಳು ಹೋರಾಡಿ ಉಳಿಸಿಕೊಂಡರು. ನವೀಕರಣಗೊಂಡು 2021ರಲ್ಲಿ ಅದು ಮತ್ತೆ ತೆರೆದಿದೆ.

ಎದುರು ಬದಿಯಲ್ಲಿ ಯಮಸಾಕಿಯವರದೇ ತ್ರಿಕೋನಾಕಾರದ, 44 ಅಂತಸ್ತಿನ ಅವಳಿ ಗೋಪುರಗಳಿವೆ. ಇನ್ನಷ್ಟು ದಕ್ಷಿಣಕ್ಕೆ ನಡೆದರೆ 1987ರ ಫಾಕ್ಸ್ ಪ್ಲಾಜಾ ಸಿಗುತ್ತದೆ. ಮರುವರ್ಷ ಬಿಡುಗಡೆಯಾದ ‘ಡೈ ಹಾರ್ಡ್’ನಲ್ಲಿ ಭಯೋತ್ಪಾದಕರು ವಶಪಡಿಸಿಕೊಳ್ಳುವ ನಕಟೋಮಿ ಪ್ಲಾಜಾ ಇದೇ ಕಟ್ಟಡ. ಸೆಟ್‌ಗಳನ್ನು ಕೆಡವಿ ಕಟ್ಟಿದ ಊರನ್ನೇ ಫಾಕ್ಸ್ ಸೆಟ್ ಆಗಿ ಬಳಸಿತು.

ರಸ್ತೆ ಮುಗಿಯುವ ಪಿಕೊ ಬುಲೆವಾರ್ಡ್‌ನ ಅಂಚಿನಲ್ಲಿ, ಮಾರದೆ ಉಳಿಸಿಕೊಂಡ ಜಾಗದಲ್ಲಿ, ಸ್ಟುಡಿಯೋ ಇಂದಿಗೂ ಇದೆ. ಸಾರ್ವಜನಿಕರಿಗೆ ಪ್ರವೇಶವಿಲ್ಲದ ಕಾರಣ ಬೇಲಿಯಾಚೆ ಕಾಣುವ ಸ್ಟೇಜ್‌ಗಳ ಎತ್ತರದ ಗೋಡೆಗಳನ್ನಷ್ಟೇ ನೋಡಿದೆ. 2019ರಲ್ಲಿ ಡಿಸ್ನಿ ಸಂಸ್ಥೆ ಇಲ್ಲಿನ ಚಿತ್ರ ನಿರ್ಮಾಣ ಕಂಪನಿಯನ್ನು ಕೊಂಡುಕೊಂಡಾಗ ಈ ನೆಲ ಮಾತ್ರ ಅದರೊಂದಿಗೆ ಹೋಗಲಿಲ್ಲ. ಹೊಸದಾಗಿ ಹುಟ್ಟಿದ ಫಾಕ್ಸ್ ಕಾರ್ಪೊರೇಷನ್‌ನ ಒಡೆತನದಲ್ಲೇ ಉಳಿಯಿತು. ಹಾಗಾಗಿ ಒಂದು ಕಾಲಕ್ಕೆ ಈ ಬಯಲಿಗೆಲ್ಲ ಒಡೆಯನಾಗಿದ್ದ ಆ ಚಿತ್ರ ಕಂಪನಿ, 2019ರ ಆ ಮಾರಾಟದ ನಂತರ, ತನ್ನದೇ ಹಳೆಯ ಅಂಗಳದಲ್ಲಿ ಬಾಡಿಗೆದಾರನಾಯಿತು.